ಸುಂಟರಗಾಳಿಯ ಸೀಮೆಯಲ್ಲಿ ಮನೆ ಮಾಡಬಹುದೇ?

ಮನೆ ತೆಗೆದುಕೊಳ್ಳುವ ಮುಂಚೆ ನಾವು ಏನೇನು ವಿಚಾರಿಸುತ್ತೇವೆ ಹೇಳಿ? ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಬರುತ್ತದೆ, ಮಕ್ಕಳ ಶಾಲೆ ಹತ್ತಿರವೇ, ಬಾಗಿಲು ಯಾವ ದಿಕ್ಕಿಗಿದೆ, ಮಳೆಗಾಲದಲ್ಲಿ ಮೋರಿ ನೀರು ಅಂಗಳಕ್ಕೆ ನುಗ್ಗುತ್ತದೆಯೇ. ಗಾಳಿ ಬಂದು ಮನೆಯನ್ನೇ ಎತ್ತಿಕೊಂಡು ಹೋದೀತೇ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಅಮೆರಿಕದ ನಡುಭಾಗದಲ್ಲಿ ಮನೆ ಮಾಡುವವರು ಮಾತ್ರ ಅದನ್ನೂ ಕೇಳಬೇಕಾಗುತ್ತದೆ.

ಅದಕ್ಕೂ ನಮಗೂ ಏನು ಸಂಬಂಧ ಅನ್ನಬೇಡಿ ಸೋದರಿಯರೇ. ಈಗ ಸಣ್ಣ ಊರುಗಳಲ್ಲೂ ಎಷ್ಟೋ ಮನೆಗಳ ಮಗನೋ ಮಗಳೋ ಆ ದೇಶದಲ್ಲಿದ್ದಾರೆ. ಅಂಟಿನುಂಡೆ, ಸಾರಿನ ಪುಡಿ ಕಟ್ಟಿಕೊಂಡು ಬಾಣಂತನಕ್ಕೆಂದು ಆರು ತಿಂಗಳು ಹೋಗಿಬರುವವರು ನಾವೇ ತಾನೇ?

ನನ್ನ ತಂಗಿ ಮತ್ತು ಅವಳ ಗಂಡ ಟೆಕ್ಸಾಸಿನ ಡಲ್ಲಾಸ್ ಬಳಿ ಮನೆ ಕೊಳ್ಳಲು ಹೊರಟಾಗ ನಮ್ಮಮ್ಮ ಹಟ ಹಿಡಿದು ಕುಳಿತರು. ಟಿವಿಯಲ್ಲಿ ಯಾವುದೋ ಊರು ಸುಂಟರಗಾಳಿಗೆ ಸಿಕ್ಕಿ ಪುಡಿಪುಡಿಯಾದದ್ದನ್ನು ನೋಡಿದ್ದರು. "ಅಷ್ಟು ದುಡ್ಡು ಹಾಕಿ ಗಾಳಿಗೆ ಕೊಡ್ತೀರೇನೇ? ಬೇರೆ ಊರಲ್ಲಿ ಕೆಲಸ ನೋಡಿಕೊಳ್ಳಿ" ಅಂತ ಫೋನಿನಲ್ಲಿ ಒಂದೇ ರಾಗ. ಭಾವನಿಗೆ ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲೂ ಕೆಲಸ ಸಿಗುವಂತಿತ್ತು. ಅಲ್ಲಿಗೇ ಹೋಗಿ ಅನ್ನುವುದು ಅಮ್ಮನ ವಾದ.

ಅಂಜಿಕೆ ಸುಳ್ಳಲ್ಲ

ಅಮ್ಮನ ಹೆದರಿಕೆಗೆ ಕಾರಣವಿಲ್ಲದಿಲ್ಲ. ಜಗತ್ತಿನಲ್ಲೇ ಅತಿ ಹೆಚ್ಚು ಸುಂಟರಗಾಳಿ ಏಳುವುದು ಅಮೆರಿಕದಲ್ಲಿ, ವರ್ಷಕ್ಕೆ ಸಾವಿರಕ್ಕೂ ಮೇಲೆ. ದಕ್ಷಿಣದ ಮೆಕ್ಸಿಕೋ ಕೊಲ್ಲಿಯಿಂದ ಬರುವ ತೇವದ ಬಿಸಿಗಾಳಿ, ಪಶ್ಚಿಮದ ಬೆಟ್ಟಗಳ ಕಡೆಯಿಂದ ಬರುವ ಒಣಗಾಳಿ, ಮೇಲಿನ ತಂಪುಗಾಳಿ ಆ ಬಯಲಿನಲ್ಲಿ ಎದುರಾಗುತ್ತವೆ. ಆಗ ಏಳುವ ಕೆಲವು ಗುಡುಗು ಮೋಡಗಳು ಬುಗುರಿಯಂತೆ ತಿರುಗತೊಡಗಿ, ಅವುಗಳಿಂದ ಆನೆಯ ಸೊಂಡಿಲಿನಂತೆ ಗಾಳಿಯ ಸುಳಿ ನೆಲಕ್ಕಿಳಿಯುತ್ತದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಇದರ ಕಾಟ ಹೆಚ್ಚು.

ನಮ್ಮ ಕರಾವಳಿಯವರು ಕಂಡಿರುವ ಚಂಡಮಾರುತವೇ ಬೇರೆ, ಇದೇ ಬೇರೆ. ಚಂಡಮಾರುತ ನೂರಾರು ಮೈಲಿ ಅಗಲ, ಬರುವ ಸುದ್ದಿ ದಿನಗಟ್ಟಲೆ ಮುಂಚೆ ತಿಳಿಯುತ್ತದೆ. ಸುಂಟರಗಾಳಿ ಸಾಮಾನ್ಯವಾಗಿ ಕೆಲವು ನೂರು ಅಡಿ ಅಗಲದ್ದು. ಎಚ್ಚರಿಕೆಗೂ ಅದು ಬಂದು ಬಡಿಯುವುದಕ್ಕೂ ನಡುವೆ ಸಿಗುವುದು ಸರಾಸರಿ ಹತ್ತು ನಿಮಿಷದ ಆಸುಪಾಸು. ಒಂದು ಸೀಟಿ ಕುಕ್ಕರ್ ಕೂಗುವಷ್ಟು ಹೊತ್ತು ಅನ್ನಿ.

ಅದರ ಬಲವನ್ನು ಹಾನಿ ನೋಡಿ ಅಳೆಯುವ ಕ್ರಮವನ್ನು 1971ರಲ್ಲಿ ರೂಪಿಸಿದವರು ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದ ಜಪಾನ್ ಮೂಲದ ವಿಜ್ಞಾನಿ ಫುಜಿತ. 2007ರಿಂದ ಅದನ್ನೇ ಪರಿಷ್ಕರಿಸಿ ಬಳಸುತ್ತಿದ್ದಾರೆ. ಸೊನ್ನೆಯಿಂದ ಐದರವರೆಗೆ ದರ್ಜೆ. ಐದನೆಯದರಲ್ಲಿ ಗಾಳಿಯ ವೇಗ ಗಂಟೆಗೆ 320 ಕಿಲೋಮೀಟರಿಗಿಂತ ಹೆಚ್ಚು. ಒಕ್ಲಹೋಮಾ ರಾಜ್ಯದ ಮೂರ್ ಎಂಬ ಊರಿಗೆ ಇಂಥದ್ದು 1999ರ ಮೇ 3ರಂದು ಬಡಿಯಿತು, ಮತ್ತೆ 2013ರ ಮೇ 20ರಂದೂ ಬಡಿಯಿತು. ಎರಡನೆಯ ಸಲ ಸತ್ತ 24 ಮಂದಿಯಲ್ಲಿ ಏಳು ಮಕ್ಕಳು ಒಂದೇ ಶಾಲೆಯವರು. ಆ ಶಾಲೆಯಲ್ಲಿ ಅಡಗಿಕೊಳ್ಳಲು ಭದ್ರವಾದ ಕೋಣೆ ಇರಲಿಲ್ಲ. 2011ರಲ್ಲಿ ಮಿಸೌರಿಯ ಜಾಪ್ಲಿನ್ ಊರಿನಲ್ಲಿ ಸುಮಾರು 160 ಜನ ಹೋದರು.

ಇನ್ನೊಂದು ಲೆಕ್ಕವೂ ಇದೆ

ಇಷ್ಟು ಕೇಳಿದರೆ ಆ ಕಡೆ ತಲೆಹಾಕಿಯೂ ಮಲಗಬಾರದು ಅನ್ನಿಸುತ್ತದೆ. ಆದರೆ ಆ ಸಾವಿರ ಗಾಳಿಗಳಲ್ಲಿ ಬಹುಪಾಲು ಹೆಂಚು ಹಾರಿಸಿ, ಮರ ಉರುಳಿಸಿ ಹೋಗುವಂಥವು. ನಾಲ್ಕು, ಐದನೆಯ ದರ್ಜೆಯವು ನೂರಕ್ಕೆ ಒಂದೆರಡು. ಊರು ದೊಡ್ಡದು, ಗಾಳಿಯ ಹಾದಿ ಕಿರಿದು. ಹಾಗಾಗಿ ಒಕ್ಲಹೋಮಾದಂಥ ಕಡೆಯಲ್ಲೂ ಇಂಥದೇ ಒಂದು ಮನೆಗೆ ಅದು ಬಡಿಯುವ ಸಂಭವ ಸಾವಿರ ವರ್ಷಕ್ಕೊಮ್ಮೆ ಅನ್ನುವುದಕ್ಕಿಂತಲೂ ಕಡಿಮೆ.

ಹಾಗಾದರೆ ಅಮ್ಮ ಹೇಳಿದ ನ್ಯಾಶ್‌ವಿಲ್? ಅಲ್ಲಿಗೂ 2020ರ ಮಾರ್ಚ್ 3ರಂದು ಸುಂಟರಗಾಳಿ ಬಂತು, ಅದೂ ನಡುರಾತ್ರಿ ಕಳೆದ ಮೇಲೆ. ಆ ರಾತ್ರಿ ಟೆನೆಸಿಯಲ್ಲಿ 25 ಜನ ತೀರಿಕೊಂಡರು. ಟೆಕ್ಸಾಸ್, ಒಕ್ಲಹೋಮಾದ ಬಯಲಿಗಿಂತ ಟೆನೆಸಿ, ಅಲಬಾಮಾ ಕಡೆ ರಾತ್ರಿ ಹೊತ್ತಿನ ಗಾಳಿಗಳ ಪಾಲು ಹೆಚ್ಚು. ಗುಡ್ಡ, ಕಾಡುಗಳ ಮರೆಯಲ್ಲಿ ದೂರದಿಂದ ಕಾಣುವುದೂ ಇಲ್ಲ. ಇತ್ತೀಚಿನ ದಶಕಗಳಲ್ಲಿ ಆ ಭಾಗದಲ್ಲಿ ಸುಂಟರಗಾಳಿ ಹೆಚ್ಚುತ್ತಿದೆ ಎಂದೂ ಅಧ್ಯಯನಗಳು ತೋರಿಸಿವೆ. ಬೇರೆ ಕಡೆ ಹೋಗೋಣ ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಭೂಕಂಪ, ಕಾಡ್ಗಿಚ್ಚು. ಫ್ಲೋರಿಡಾದಲ್ಲಿ ಚಂಡಮಾರುತ. ನಮ್ಮಲ್ಲೇ 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿಯಲಿಲ್ಲವೇ?

ಊರು ಬಿಟ್ಟು ಓಡುವುದಕ್ಕಿಂತ ಮನೆಯನ್ನು ನೋಡುವುದು ಮುಖ್ಯ ಎಂದು ತಂಗಿ ಹೇಳಿದಾಗ ನನಗೆ ಸರಿ ಅನ್ನಿಸಿತು. ಜಗತ್ತಿನಲ್ಲಿ ಅತಿ ಹೆಚ್ಚು ಜೀವ ತೆಗೆದ ಸುಂಟರಗಾಳಿ ಬೀಸಿದ್ದು ಅಮೆರಿಕದಲ್ಲಲ್ಲ, 1989ರ ಏಪ್ರಿಲ್‌ನಲ್ಲಿ ಬಾಂಗ್ಲಾದೇಶದಲ್ಲಿ. ಸುಮಾರು 1,300 ಜನ ಸತ್ತರು. ತಗಡಿನ ಮನೆಗಳು, ಮುನ್ಸೂಚನೆ ತಲುಪದ ಬಡ ಹಳ್ಳಿಗಳು. ಅಮೆರಿಕದಲ್ಲೂ ಸಾವಿನ ದೊಡ್ಡ ಪಾಲು ಮೊಬೈಲ್ ಹೋಮ್ ಅನ್ನುವ ಹಗುರ ಮನೆಗಳಲ್ಲೇ. ಆ ಮನೆಗಳಿಗೆ ಗಟ್ಟಿ ತಳಪಾಯವಿರುವುದಿಲ್ಲ, ಸಾಧಾರಣ ಸುಂಟರಗಾಳಿಗೂ ಮಗುಚಿಕೊಳ್ಳುತ್ತವೆ. ಬಾಡಿಗೆ ಅಗ್ಗವೆಂದು ನಮ್ಮ ಮಕ್ಕಳು ಅಂಥದಕ್ಕೆ ಹೋಗುವುದಾದರೆ ಬೇಡ ಎನ್ನಿ.

ಮನೆ ನೋಡುವಾಗ ಕೇಳಬೇಕಾದದ್ದು

ತಂಗಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಮನೆ ನೋಡಿದಳು. ನಿಮ್ಮ ಮಕ್ಕಳಿಗೂ ಉಪಯೋಗವಾದೀತೆಂದು ಇಲ್ಲಿ ಕೊಟ್ಟಿದ್ದೇನೆ.

1. ಅಡಗುವ ಜಾಗ ಯಾವುದು? ನೆಲಮಾಳಿಗೆ ಇದ್ದರೆ ಅದೇ ಉತ್ತಮ. ಆದರೆ ಡಲ್ಲಾಸ್ ಸುತ್ತಿನ ನೆಲ ನಮ್ಮ ಧಾರವಾಡ, ಗದಗ ಕಡೆಯ ಎರೆಮಣ್ಣಿನ ಜಾತಿಯದು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದೂ ಒಂದು ಕಾರಣವಾಗಿ ಅಲ್ಲಿ ನೆಲಮಾಳಿಗೆ ಅಪರೂಪ. ಇಲ್ಲದಿದ್ದರೆ ಕೆಳ ಅಂತಸ್ತಿನಲ್ಲಿ, ಮನೆಯ ನಟ್ಟನಡುವೆ, ಕಿಟಕಿಯಿಲ್ಲದ ಬಚ್ಚಲುಮನೆಯೋ ಬಟ್ಟೆಯ ಕೋಣೆಯೋ ಇರಲೇಬೇಕು.

2. ಭದ್ರಕೋಣೆ ಹಾಕಿಸಲು ಜಾಗವಿದೆಯೇ? ಕಾಂಕ್ರೀಟ್ ನೆಲಕ್ಕೆ ಬೋಲ್ಟ್ ಹಾಕಿ ಬಿಗಿದ ಉಕ್ಕಿನ ಪೆಟ್ಟಿಗೆಯಂಥ ಕೋಣೆ ಸಿಗುತ್ತದೆ. ಅಲ್ಲಿನ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾದ ಅಳತೆಗೆ ತಕ್ಕಂತೆ ಮಾಡಿದ್ದರೆ ಗಂಟೆಗೆ 400 ಕಿಲೋಮೀಟರ್ ಗಾಳಿಯನ್ನೂ ತಡೆಯಬೇಕು. ಖರ್ಚು ಕೆಲವು ಸಾವಿರ ಡಾಲರ್.

3. ಸೂರು ಗೋಡೆಗೆ, ಗೋಡೆ ತಳಪಾಯಕ್ಕೆ ಹೇಗೆ ಬಿಗಿದಿದೆ? ಅಲ್ಲಿನ ಮನೆಗಳು ಹೆಚ್ಚಾಗಿ ಮರದ ಚೌಕಟ್ಟಿನವು, ಹೊರಗೆ ಕಾಣುವ ಇಟ್ಟಿಗೆ ಬರೀ ಹೊದಿಕೆ. ಗ್ಯಾರೇಜಿನ ಅಗಲ ಬಾಗಿಲು ಒಡೆದರೆ ಗಾಳಿ ಒಳನುಗ್ಗಿ ಸೂರನ್ನು ಮೇಲಕ್ಕೆ ನೂಕುತ್ತದೆ. ಮೂರ್ ಊರಿನವರು 2014ರಲ್ಲಿ ಹೊಸ ನಿಯಮ ತಂದು, ಹೊಸ ಮನೆಗಳು ಗಂಟೆಗೆ ಸುಮಾರು 217 ಕಿಲೋಮೀಟರ್ ಗಾಳಿಗೆ ನಿಲ್ಲುವಂತಿರಬೇಕೆಂದರು.

4. ಮಕ್ಕಳ ಶಾಲೆಯಲ್ಲಿ ಭದ್ರಕೋಣೆ ಇದೆಯೇ?

5. ವಿಮೆಯ ಷರತ್ತೇನು? ಟೆಕ್ಸಾಸಿನಲ್ಲಿ ಗಾಳಿ, ಆಲಿಕಲ್ಲಿನ ಹಾನಿಯಾದರೆ ವಿಮೆಯ ಮೊತ್ತದಲ್ಲಿ ನೂರಕ್ಕೆ ಒಂದೆರಡು ಪಾಲು ಮನೆಯವರೇ ಭರಿಸಬೇಕೆನ್ನುವುದು ಸಾಮಾನ್ಯ. ನಾಲ್ಕು ಲಕ್ಷ ಡಾಲರಿನ ಮೇಲೆ ನೂರಕ್ಕೆ ಎರಡೆಂದರೆ ಎಂಟು ಸಾವಿರ. ಅಷ್ಟು ಗಂಟು ಕೈಯಲ್ಲಿರಬೇಕು.

ತಂಗಿಗೆ ಮೊದಲು ಹಿಡಿಸಿದ್ದು ಎರಡಂತಸ್ತಿನ ಮನೆ. ಎತ್ತರದ ಹಜಾರ, ಗೋಡೆ ತುಂಬ ಗಾಜು. ಆದರೆ ಕೆಳಗೆ ಕಿಟಕಿಯಿಲ್ಲದ ಒಂದು ಮೂಲೆಯೂ ಇರಲಿಲ್ಲ. ಕೊನೆಗೆ ಅದೇ ಬಡಾವಣೆಯಲ್ಲಿ ಹಳೆಯದೊಂದು ಒಂದಂತಸ್ತಿನ ಮನೆ ತೆಗೆದುಕೊಂಡರು. ಅಡುಗೆಮನೆ ಇಕ್ಕಟ್ಟು ಅಂತ ಈಗಲೂ ಗೊಣಗುತ್ತಾಳೆ. ಆದರೆ ಹಳಬರು ಗ್ಯಾರೇಜಿನಲ್ಲಿ ಹಾಕಿಸಿದ್ದ ಉಕ್ಕಿನ ಕೋಣೆ ಅದರಲ್ಲಿತ್ತು. ಮೊದಲ ಬೇಸಿಗೆಯಲ್ಲೇ ಎರಡು ಸಲ ಮಕ್ಕಳನ್ನು ಕರೆದುಕೊಂಡು ಅದರೊಳಗೆ ಕುಳಿತರಂತೆ. ಗಾಳಿ ಬೇರೆ ದಾರಿ ಹಿಡಿಯಿತು. ಅಮ್ಮನ ಗೊಣಗಾಟ ನಿಂತಿಲ್ಲ, ಕಡಿಮೆಯಾಗಿದೆ.

ಬಾಣಂತನಕ್ಕೆ ಹೋಗುವವರು ನೆನಪಿಡಿ

ಮಗಳು ಅಳಿಯ ಕೆಲಸಕ್ಕೆ ಹೋದಾಗ ಎಳೆಗೂಸಿನೊಂದಿಗೆ ಮನೆಯಲ್ಲಿ ಇರುವವರು ನೀವೇ. ಆದ್ದರಿಂದ ಹೋದ ದಿನವೇ "ಗಾಳಿ ಬಂದರೆ ಯಾವ ಕೋಣೆ?" ಎಂದು ಕೇಳಿ, ಅದರ ಬಾಗಿಲು ಹಾಕಿ ತೆಗೆದು ನೋಡಿ.

ಹವಾಮಾನ ಇಲಾಖೆಯವರು ವಾಚ್, ವಾರ್ನಿಂಗ್ ಎಂದು ಎರಡು ಬಗೆಯ ಸೂಚನೆ ಕೊಡುತ್ತಾರೆ. ವಾಚ್ ಅಂದರೆ ಒಲೆಯ ಮೇಲೆ ಹಾಲಿಟ್ಟ ಹಾಗೆ, ಗಮನವಿರಬೇಕು. ವಾರ್ನಿಂಗ್ ಅಂದರೆ ಹಾಲು ಉಕ್ಕುತ್ತಿದೆ, ತಕ್ಷಣ ಒಲೆ ಆರಿಸಿ, ಮಗುವನ್ನು ಎತ್ತಿಕೊಂಡು ಒಳಗೆ ಹೋಗಬೇಕು. ಕಾಲಿಗೆ ಚಪ್ಪಲಿ ಇರಲಿ, ಆಮೇಲೆ ಗಾಜಿನ ಚೂರು ತುಳಿಯುವುದು ಬೇಡ. ತಲೆಗೆ ಹೆಲ್ಮೆಟ್, ಮೈಮೇಲೆ ದಪ್ಪ ರಜಾಯಿ ಹೊದ್ದುಕೊಳ್ಳಿ. ಕಿಟಕಿ ತೆರೆದರೆ ಮನೆ ಉಳಿಯುತ್ತದೆ ಎನ್ನುವುದು ಹಳೆಯ ಮೂಢನಂಬಿಕೆ, ಆ ಕೆಲಸಕ್ಕೆ ಹೊತ್ತು ಕಳೆಯಬೇಡಿ. ಕಾರು ಹತ್ತಿ ಓಡುವುದೂ ಬೇಡ. 2015ರ ಡಿಸೆಂಬರ್ 26ರಂದು ಡಲ್ಲಾಸ್ ಬಳಿಯ ಗಾರ್ಲೆಂಡ್‌ನಲ್ಲಿ ಸತ್ತ ಹತ್ತು ಮಂದಿಯಲ್ಲಿ ಹೆಚ್ಚಿನವರು ವಾಹನಗಳಲ್ಲಿದ್ದವರು.

ಬೀದಿಯ ಸೈರನ್ ಹೊರಗಿರುವವರಿಗಾಗಿ ಇಟ್ಟದ್ದು. ಮುಚ್ಚಿದ ಮನೆಯೊಳಗೆ ಮಲಗಿದವರಿಗೆ ಕೇಳಿಸದೇ ಹೋಗಬಹುದು. ಫೋನಿನ ಎಚ್ಚರಿಕೆಯ ಸದ್ದನ್ನು ರಾತ್ರಿ ಆರಿಸಬೇಡಿ. ಕೆಲವು ಊರುಗಳಲ್ಲಿ ಪರೀಕ್ಷೆಗೆಂದೂ ಸೈರನ್ ಕೂಗಿಸುತ್ತಾರೆ. ಒಕ್ಲಹೋಮಾ ಸಿಟಿಯಲ್ಲಿ ಶನಿವಾರ ಮಧ್ಯಾಹ್ನ 12ಕ್ಕೆ. ಅಂಥ ದಿನ ಯಾವುದೆಂದು ಮೊದಲೇ ಕೇಳಿಟ್ಟುಕೊಳ್ಳಿ.

ಇಲ್ಲೇ ಇರುವವರೂ ಮುಂದಿನ ಸಲ ಫೋನ್ ಮಾಡಿದಾಗ "ಆ ಊರು ಬಿಟ್ಟುಬಿಡಿ" ಎಂದು ಅಳುವುದು ಬೇಡ. ಯಾವ ಕೋಣೆ, ಅದರಲ್ಲಿ ಏನೇನು ಇಟ್ಟಿದ್ದೀರಿ, ಮಕ್ಕಳಿಗೆ ಅಭ್ಯಾಸ ಮಾಡಿಸಿದ್ದೀರಾ ಎಂದು ಕೇಳಿ. ಉತ್ತರ ಹೇಳಲು ತಡವರಿಸಿದರೆ, ಆಗ ಬೇಕಾದರೆ ಒಂದು ಮಾತು ಬೈಯಿರಿ.