ಮನೆಗೆ ತಕ್ಕ ಬೆಳಕು

ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿಯನ್ನು ದಾಟಿ ಚಿಕ್ಕಬಳ್ಳಾಪುರದ ಕಡೆಗೆ ಸಾಗುವವರಿಗೆ ಎದುರಾಗುವ ಊರು ಆವತಿ. ನಾಡಪ್ರಭುಗಳ ಮೂಲಸ್ಥಾನವೆಂದು ಹೆಸರಾದ ಈ ಸೀಮೆಯಲ್ಲಿ ಇರುಳು ಪಯಣಿಸುವವರಿಗೆ ಕೆಲವೊಮ್ಮೆ ಒಂದು ವಿಸ್ಮಯ ಕಾದಿರುತ್ತದೆ. ಹೊಲದ ತುಂಬ ಸಾಲುಸಾಲಾಗಿ ಬಲ್ಬುಗಳು ಉರಿಯುತ್ತಿರುತ್ತವೆ. ಜಾತ್ರೆಯೂ ಅಲ್ಲ, ಮದುವೆಯೂ ಅಲ್ಲ. ಅದು ಸೇವಂತಿಗೆಯ ತೋಟ. ಇರುಳು ದೀರ್ಘವಾದಾಗ ಮೊಗ್ಗು ಕಟ್ಟುವುದು ಸೇವಂತಿಗೆಯ ಸ್ವಭಾವ. ರಾತ್ರಿಯ ನಡುವೆ ಕೆಲವು ಗಂಟೆ ಬೆಳಕು ಕೊಟ್ಟರೆ ಗಿಡವು ಹೂ ಬಿಡುವುದನ್ನು ಮುಂದೂಡಿ ಎತ್ತರಕ್ಕೆ ಬೆಳೆಯುತ್ತದೆ. ಎಷ್ಟು ಬೆಳಕು, ಎಷ್ಟು ಹೊತ್ತು, ಎಷ್ಟು ಖರ್ಚು ಎಂಬುದನ್ನು ಲೆಕ್ಕ ಹಾಕಿಯೇ ಬೆಳೆಗಾರನು ಬಲ್ಬನ್ನು ಆರಿಸುತ್ತಾನೆ. ಗಿಡಕ್ಕೆ ತೋರುವ ಈ ವಿವೇಕವನ್ನು ನಾವು ನಮ್ಮ ಮನೆಯ ವೃದ್ಧರಿಗೆ, ಓದುವ ಮಕ್ಕಳಿಗೆ ತೋರುತ್ತಿದ್ದೇವೆಯೇ? ಅಂಗಡಿಯವನು ಕೊಟ್ಟದ್ದನ್ನು ತಂದು ಹೋಲ್ಡರಿಗೆ ಸಿಕ್ಕಿಸುವುದೇ ನಮ್ಮ ವಾಡಿಕೆಯಾಗಿದೆ.

ವಿದ್ಯುದ್ದೀಪವು ನಮ್ಮ ನಾಡಿಗೆ ಹೊಸತೇನೂ ಅಲ್ಲ. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಮುಂದೆ ಭಾಗ್ಯಜ್ಯೋತಿ ಯೋಜನೆಯು ಬಡವರ ಗುಡಿಸಲಿಗೂ ಒಂದು ದೀಪವನ್ನು ಕೊಟ್ಟಿತು. ಈ ದೀರ್ಘಕಾಲದಲ್ಲಿ ಬಹುಪಾಲು ಮನೆಗಳಲ್ಲಿ ಉರಿದದ್ದು ತಂತಿಯನ್ನು ಕಾಯಿಸಿ ಬೆಳಕು ಕೊಡುವ ಹಳದಿ ಬಲ್ಬು. ೨೦೧೫ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ‘ಹೊಸ ಬೆಳಕು’ ಯೋಜನೆ ಆರಂಭವಾಗಿ, ವಿದ್ಯುತ್ ಕಂಪನಿಗಳ ಮೂಲಕ ೯ ವಾಟಿನ ಎಲ್‌ಇಡಿ ಬಲ್ಬುಗಳು ರಿಯಾಯಿತಿ ದರದಲ್ಲಿ ಜನರ ಕೈಸೇರಿದವು. ಇಂದು ಹಳ್ಳಿಯ ಕಿರಾಣಿ ಅಂಗಡಿಯಲ್ಲಿಯೂ ಅವು ದೊರೆಯುತ್ತವೆ. ಬಲ್ಬು ಬದಲಾಯಿತು; ಆದರೆ ಕೊಳ್ಳುವ ರೀತಿ ಬದಲಾಗಲಿಲ್ಲ.

ಹಿಂದೆ ನಾವು ‘ನಲವತ್ತರದು ಕೊಡಿ, ಅರವತ್ತರದು ಕೊಡಿ’ ಎಂದು ಕೇಳುತ್ತಿದ್ದೆವು. ವಾಟ್ ಎಂಬುದು ಬಲ್ಬು ಎಷ್ಟು ವಿದ್ಯುತ್ತನ್ನು ಬಳಸುತ್ತದೆ ಎಂಬುದರ ಅಳತೆಯೇ ಹೊರತು ಬೆಳಕಿನ ಅಳತೆಯಲ್ಲ. ಬೆಳಕನ್ನು ಅಳೆಯುವ ಮಾನ ಲ್ಯುಮೆನ್. ೬೦ ವಾಟಿನ ಹಳೆಯ ಬಲ್ಬು ಕೊಡುತ್ತಿದ್ದುದು ಸುಮಾರು ೭೦೦ ಲ್ಯುಮೆನ್. ಅದು ನುಂಗಿದ ವಿದ್ಯುತ್ತಿನ ಬಹುಪಾಲು ಶಾಖವಾಗಿಯೇ ಹೋಗುತ್ತಿತ್ತು. ಅಷ್ಟೇ ಬೆಳಕನ್ನು ಒಳ್ಳೆಯ ಎಲ್‌ಇಡಿಯು ೭ರಿಂದ ೯ ವಾಟಿನಲ್ಲಿ ಕೊಡುತ್ತದೆ. ದಿನಕ್ಕೆ ೫ ಗಂಟೆಯಂತೆ ಉರಿಸಿದರೆ ಹಳೆಯದಕ್ಕೆ ತಿಂಗಳಿಗೆ ೯ ಯೂನಿಟ್, ೯ ವಾಟಿನ ಎಲ್‌ಇಡಿಗೆ ೧.೩೫ ಯೂನಿಟ್. ಆದರೆ ಎಲ್ಲ ೯ ವಾಟಿನ ಬಲ್ಬುಗಳೂ ಸಮಾನವಾಗಿ ಬೆಳಗುವುದಿಲ್ಲ. ಆದುದರಿಂದ ಡಬ್ಬಿಯ ಮೇಲೆ ಮೊದಲು ಲ್ಯುಮೆನ್ ಸಂಖ್ಯೆಯನ್ನು ಓದಬೇಕು.

ನಮ್ಮ ದೇವರಮನೆಗಳಲ್ಲಿ ‘ಜೀರೋ ಬಲ್ಬು’ ಉರಿಯುವುದುಂಟು. ಹೆಸರು ಸೊನ್ನೆಯಾದುದರಿಂದ ಅದಕ್ಕೆ ವಿದ್ಯುತ್ತೇ ಬೇಡವೆಂದು ಅನೇಕರ ನಂಬಿಕೆ. ಹಳೆಯ ಜೀರೋ ಬಲ್ಬು ೧೨ರಿಂದ ೧೫ ವಾಟನ್ನು ಬಳಸುತ್ತದೆ. ೧೫ ವಾಟಿನದು ಹಗಲಿರುಳೂ ಉರಿದರೆ ತಿಂಗಳಿಗೆ ಸುಮಾರು ೧೧ ಯೂನಿಟ್ ಆಯಿತು! ಅರ್ಧ ವಾಟಿನ ಎಲ್‌ಇಡಿ ದೀಪವನ್ನು ಇಟ್ಟರೆ ಅರ್ಧ ಯೂನಿಟ್ಟೂ ತಗಲುವುದಿಲ್ಲ. ಮನೆಯಲ್ಲಿ ಮೊದಲು ಬದಲಿಸಬೇಕಾದುದು ಈ ಪುಟ್ಟ ದೀಪವನ್ನೇ.

ಇನ್ನು ಬಣ್ಣದ ವಿಚಾರ. ಡಬ್ಬಿಯ ಮೇಲೆ ‘ಕೆಲ್ವಿನ್’ ಎಂಬ ಸಂಖ್ಯೆಯಿರುತ್ತದೆ. ೨೭೦೦ರಿಂದ ೩೦೦೦ ಎಂದಿದ್ದರೆ ಹಳೆಯ ಬಲ್ಬಿನಂತೆ ಹೊಂಬಣ್ಣ. ೬೫೦೦ ಎಂದಿದ್ದರೆ ಹಗಲಿನಂತಹ ಬಿಳುಪು. ಮಲಗುವ ಕೋಣೆಗೂ ದೇವರಮನೆಗೂ ಹೊಂಬೆಳಕು ಹಿತ. ಅಡುಗೆಮನೆಗೂ ಮಕ್ಕಳು ಓದುವ ಸ್ಥಳಕ್ಕೂ ೪೦೦೦ ಅಥವಾ ಅದಕ್ಕಿಂತ ಬಿಳಿಯದು ಯೋಗ್ಯ. ತೀರ ಬಿಳಿಯ ಬೆಳಕು ರಾತ್ರಿ ನಿದ್ರೆಗೆ ಅಡ್ಡಿಯಾಗಬಲ್ಲದು. ಸಿ.ಆರ್.ಐ. ಎಂಬ ಮತ್ತೊಂದು ಸಂಖ್ಯೆಯು ೮೦ಕ್ಕಿಂತ ಕಡಿಮೆಯಿರಬಾರದು. ಅದು ಕಡಿಮೆಯಾದರೆ ಸೀರೆಯ ಬಣ್ಣವೂ ತರಕಾರಿಯ ಬಣ್ಣವೂ ಕಳೆಗುಂದಿ ಕಾಣುತ್ತವೆ.

‘ಎಲ್‌ಇಡಿ ಹತ್ತು ವರ್ಷ ಬರುತ್ತದೆಂದರು, ಆರು ತಿಂಗಳಿಗೇ ಹೋಯಿತು’ ಎಂಬ ದೂರು ಎಲ್ಲೆಡೆಯೂ ಕೇಳಿಬರುತ್ತದೆ. ಇದು ಸುಳ್ಳಲ್ಲ. ಅನೇಕ ವೇಳೆ ಮೊದಲು ಕೆಡುವುದು ಬೆಳಕು ಕೊಡುವ ಹರಳಲ್ಲ, ಅದಕ್ಕೆ ತಕ್ಕಂತೆ ವಿದ್ಯುತ್ತನ್ನು ಒದಗಿಸುವ ಒಳಗಿನ ಸರ್ಕ್ಯೂಟು. ವೋಲ್ಟೇಜಿನ ಏರಿಳಿತವೂ ಶಾಖವೂ ಅದರ ಶತ್ರುಗಳು. ಗಾಳಿಯಾಡದ ಗಾಜಿನ ಬುರುಡೆಯೊಳಗೆ ಎಲ್‌ಇಡಿಯನ್ನು ಹಾಕಿದರೆ ಅದರ ಆಯುಷ್ಯ ಕುಗ್ಗುತ್ತದೆ. ಆದುದರಿಂದ ಭಾರತೀಯ ಮಾನಕ ಬ್ಯೂರೋದ ಗುರುತು, ‘ಐಎಸ್ ೧೬೧೦೨’ ಎಂಬ ಬರಹ ಹಾಗೂ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇವೆಯೇ ಎಂದು ನೋಡಿ ಕೊಳ್ಳಬೇಕು. ಆ ಸಂಖ್ಯೆಯು ನಿಜವೇ ಎಂಬುದನ್ನು ‘ಬಿಐಎಸ್ ಕೇರ್’ ಎಂಬ ಮೊಬೈಲ್ ಆ್ಯಪ್‌ನಲ್ಲಿ ಮಕ್ಕಳಿಂದಲೇ ಪರೀಕ್ಷಿಸಬಹುದು. ರಸೀದಿಯನ್ನು ಕೇಳಿ ಪಡೆದು ವಾರಂಟಿ ಮುಗಿಯುವವರೆಗೆ ಕಾಪಾಡಿ. ಸಂತೆಯಲ್ಲಿ ಗುರುತಿಲ್ಲದ ಬಲ್ಬನ್ನು ಅಗ್ಗವೆಂದು ಮೂರು ಬಾರಿ ಕೊಳ್ಳುವುದಕ್ಕಿಂತ ಒಳ್ಳೆಯದನ್ನು ಒಮ್ಮೆ ಕೊಳ್ಳುವುದು ಲೇಸು.

‘ಗೃಹಜ್ಯೋತಿ ಬಂದ ಮೇಲೆ ಬಿಲ್ಲೇ ಇಲ್ಲ, ಉಳಿತಾಯವೇಕೆ?’ ಎಂದು ಕೆಲವರು ಕೇಳಬಹುದು. ೨೦೨೩ರಲ್ಲಿ ಜಾರಿಗೆ ಬಂದ ಆ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಯನ್ನು ನೋಡಿ ಮಿತಿಯನ್ನು ಗೊತ್ತುಮಾಡಲಾಗಿದೆ. ಆ ಮಿತಿ ಮೀರಿದರೆ ಹೆಚ್ಚಿನ ಬಳಕೆಗೆ ಹಣ ತೆರಬೇಕು. ೨೦೦ ಯೂನಿಟ್ ದಾಟಿದರೆ ಪೂರ್ಣ ಬಿಲ್ಲನ್ನೇ ಕಟ್ಟಬೇಕು. ಬೇಸಿಗೆಯಲ್ಲಿ ಫ್ಯಾನು ಬಿಡುವಿಲ್ಲದೆ ತಿರುಗುವಾಗ ದೀಪಗಳಿಂದ ಉಳಿದ ಹತ್ತಿಪ್ಪತ್ತು ಯೂನಿಟ್‌ಗಳೇ ಆಸರೆಯಾದಾವು.

ಉಳಿತಾಯವೆಂದರೆ ಕತ್ತಲಲ್ಲಿ ಇರುವುದಲ್ಲ. ವಯಸ್ಸಾದಂತೆ ಕಣ್ಣಿಗೆ ಹೆಚ್ಚು ಬೆಳಕು ಬೇಕಾಗುತ್ತದೆ. ಬಚ್ಚಲಿನ ಹಾದಿ, ಮೆಟ್ಟಿಲು, ಹಿತ್ತಲ ಬಾಗಿಲು, ದನದ ಕೊಟ್ಟಿಗೆಗಳಲ್ಲಿಯೇ ನಾವು ಮಂಕುದೀಪವನ್ನಿಟ್ಟು ಹಿರಿಯರನ್ನು ಎಡವಿಸುತ್ತೇವೆ. ಹಳೆಯ ಬಲ್ಬನ್ನು ಬದಲಿಸಿ ಉಳಿಸಿದ ಯೂನಿಟ್ಟನ್ನು ಈ ಸ್ಥಳಗಳಿಗೆ ಧಾರಾಳವಾಗಿ ಬಳಸಿರಿ. ಮುಂಬರುವ ಅಮಾವಾಸ್ಯೆಯ ಸಂಜೆ ಮನೆಯವರೆಲ್ಲರೂ ಒಮ್ಮೆ ಕೋಣೆಕೋಣೆಗೂ ನಡೆದು, ಅಜ್ಜಿಗೆ ಎಲ್ಲಿ ಕಾಣಿಸುವುದಿಲ್ಲ, ಮಗು ಎಲ್ಲಿ ಓದುತ್ತದೆ ಎಂದು ಪಟ್ಟಿ ಮಾಡಿರಿ. ಅಂಗಡಿಗೆ ಹೋಗುವುದು ಆಮೇಲೆ. ಹೂವಿಗೆ ತಕ್ಕ ಬೆಳಕನ್ನು ಅರಿತ ಸೀಮೆಯ ಜನರಿಗೆ ಮನೆಗೆ ತಕ್ಕ ಬೆಳಕನ್ನು ಅರಿಯುವುದು ಕಷ್ಟವಾಗಲಾರದು.