ಬ್ಯಾಟರಿ ಡಿಕ್ಕಿಗೆ ಹೋದ ಮೇಲೆ

ನಂದಿನಿ ಲೇಔಟ್‌ಗೂ ಪೀಣ್ಯಕ್ಕೂ ಹೆಚ್ಚು ದೂರವಿಲ್ಲ. ಲೇತು, ವೆಲ್ಡಿಂಗು, ತಗಡು ಕತ್ತರಿಸುವ ಯಂತ್ರ ಎಲ್ಲವೂ ಹತ್ತಿರದಲ್ಲೇ ಸಿಗುವ ಸೀಮೆ ಇದು. ಹಳೆಯ ಮಾರುತಿ 800 ಒಂದನ್ನು ರ‍್ಯಾಲಿಗೆ ಇಳಿಸಬೇಕೆಂಬ ಹುಮ್ಮಸ್ಸು ಯಾರಿಗಾದರೂ ಬಂದರೆ ಸಾಮಾನಿಗಾಗಿ ಊರೆಲ್ಲ ಅಲೆಯಬೇಕಾಗಿಲ್ಲ. ಹಿಂದಿನ ಸೀಟು ಕಿತ್ತದ್ದಾಯಿತು, ಕಾರ್ಪೆಟ್ಟು ಹೋಯಿತು, ರೋಲ್ ಕೇಜ್ ಕೂತಿತು. ಆಮೇಲೆ ಕಣ್ಣು ಬೀಳುವುದು ಬ್ಯಾಟರಿಯ ಮೇಲೆ. ಬಾನೆಟ್ಟಿನ ಕೆಳಗಿರುವ ಅದನ್ನು ಡಿಕ್ಕಿಗೆ ಸಾಗಿಸಿದರೆ ಹೇಗೆ?

ಲೆಕ್ಕ ಸರಳ. ಮಾರುತಿ 800ರಲ್ಲಿ ಇಂಜಿನ್, ಗೇರ್‌ಬಾಕ್ಸ್ ಎರಡೂ ಮುಂದೆಯೇ. ಸುಮಾರು 10 ಕೆ.ಜಿ. ತೂಗುವ ಬ್ಯಾಟರಿಯೂ ಅಲ್ಲೇ. ಅದನ್ನು ಹಿಂದಿನ ಎಡ ಮೂಲೆಗೆ ಒಯ್ದರೆ ಬಲಕ್ಕೆ ಕೂತ ಚಾಲಕನ ಭಾರಕ್ಕೆ ಕರ್ಣರೇಖೆಯಲ್ಲಿ ಎದುರುಭಾರ ಸಿಕ್ಕಿತು. ಆದರೆ ಒಂದು ಮಾತು. ಮುಂದಿನ ಚಕ್ರಗಳೇ ಎಳೆಯುವ ಕಾರಿನಲ್ಲಿ ಮುಂದಿನ ತೂಕವೆಲ್ಲ ಶತ್ರುವಲ್ಲ. ಕೆಸರು ಕಲ್ಲಿನ ಹಾದಿಯಲ್ಲಿ ಚಕ್ರಕ್ಕೆ ಹಿಡಿತ ಕೊಡುವುದೇ ಅದು. ಹವ್ಯಾಸಕ್ಕೆ ಓಡಿಸುವವರು ಹಗುರವಾದ ಚಿಕ್ಕ ಬ್ಯಾಟರಿಯನ್ನು ಹಳೆಯ ಜಾಗದಲ್ಲೇ ಕೂರಿಸಿದರೆ ಅರ್ಧ ಲಾಭ ಅಲ್ಲೇ ದಕ್ಕುತ್ತದೆ.

ಸಾಗಿಸಲೇಬೇಕೆಂದರೆ ಬ್ಯಾಟರಿಗಿಂತ ಹೆಚ್ಚು ಯೋಚಿಸಬೇಕಾದದ್ದು ಅದರ ಹಿಂದೆ ಬರುವ ವೈರಿನ ಬಗ್ಗೆ. ಒಂದು ಮೊಳದಲ್ಲಿ ಮುಗಿಯುತ್ತಿದ್ದ ದಾರಿ ಈಗ 4 ಮೀಟರ್. ಸಣ್ಣ ಇಂಜಿನ್ ಎಬ್ಬಿಸಲು ಸ್ಟಾರ್ಟರ್ ಮೋಟಾರು 150 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. 16 ಚದರ ಮಿ.ಮೀ. ದಪ್ಪದ ತಾಮ್ರದ ಕೇಬಲ್ ಹಾಕಿದರೆ ದಾರಿಯಲ್ಲೇ ಸುಮಾರು 0.7 ವೋಲ್ಟ್ ಕರಗುತ್ತದೆ. 35 ಚದರ ಮಿ.ಮೀ. ಕೇಬಲ್ಲಿನಲ್ಲಿ ಈ ನಷ್ಟ 0.3ಕ್ಕೆ ಇಳಿಯುತ್ತದೆ. ಬಿಸಿಯಾದ ಇಂಜಿನ್ ಹಂತದ ನಡುವೆ ಆಫ್ ಆಗಿ ಮತ್ತೆ ಸ್ಟಾರ್ಟ್ ಮಾಡುವಾಗ ಈ ವ್ಯತ್ಯಾಸ ಗೊತ್ತಾಗುತ್ತದೆ.

ನೆಗೆಟಿವ್ ತುದಿಯನ್ನು ಹಿಂದೆಯೇ ಬಾಡಿಗೆ ಬಿಗಿಯುವುದು ವಾಡಿಕೆ. ಬಣ್ಣ ಕೆರೆದು ತಗಡು ಹೊಳೆಯುವಂತೆ ಮಾಡಿಯೇ ಬಿಗಿಯಬೇಕು. ಇಲ್ಲಿಯೇ ಅನೇಕರು ಮರೆಯುವ ಸಂಗತಿಯೊಂದಿದೆ. ಮೊದಲು ಬ್ಯಾಟರಿಯಿಂದ ಗೇರ್‌ಬಾಕ್ಸಿಗೆ ನೇರವಾಗಿ ಹೋಗುತ್ತಿದ್ದ ದಪ್ಪ ಅರ್ತ್ ವೈರು ಈಗ ಇಲ್ಲ. ಇಂಜಿನ್‌ನಿಂದ ಬಾಡಿಗೆ ಅಷ್ಟೇ ದಪ್ಪದ ಇನ್ನೊಂದನ್ನು ಹಾಕದಿದ್ದರೆ ಸ್ಟಾರ್ಟರಿನ ಕರೆಂಟು ವಾಪಸು ಬರಲು ಬೇರೆ ದಾರಿ ಹುಡುಕುತ್ತದೆ. ಆಗ ಬಿಸಿಯಾಗುವುದು ಕ್ಲಚ್ ಕೇಬಲ್ಲೋ ಆಕ್ಸಿಲರೇಟರ್ ಕೇಬಲ್ಲೋ!

ಪಾಸಿಟಿವ್ ಕೇಬಲ್ ಕಾರಿನ ಹೊಟ್ಟೆಯ ಕೆಳಗೆ ಹೋಗಬಾರದು. ರ‍್ಯಾಲಿಯ ಒಂದು ಕಲ್ಲು ಸಾಕು ಅದನ್ನು ಸೀಳಲು. ಬಾಗಿಲಿನ ಬುಡದ ಒಳಮಗ್ಗುಲಲ್ಲಿ, ಪೆಟ್ರೋಲ್ ಪೈಪಿನಿಂದ ದೂರವಾಗಿ, ಗೇಣಿಗೊಂದು ಕ್ಲಾಂಪ್ ಹಾಕಿ ಒಯ್ಯಬೇಕು. ತಗಡು ದಾಟುವಲ್ಲೆಲ್ಲ ರಬ್ಬರ್ ಬುಷ್ ಕಡ್ಡಾಯ. ಯಾಕೆಂದರೆ ಸ್ಟಾರ್ಟರಿಗೆ ಹೋಗುವ ಈ ವೈರಿಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ. ತಗಡಿನ ಅಂಚು ದಿನವೂ ಇಷ್ಟಿಷ್ಟು ಉಜ್ಜಿ ಒಂದು ದಿನ ತಾಮ್ರ ಮುಟ್ಟಿದರೆ ನೂರಾರು ಆಂಪಿಯರ್ ಒಮ್ಮೆಗೇ ಹರಿದು ಹೊದಿಕೆ ಹೊತ್ತಿಕೊಳ್ಳುತ್ತದೆ. ಅದೂ ಚಾಲಕನ ಪಕ್ಕದಲ್ಲೇ.

ಡಿಕ್ಕಿಯಲ್ಲಿಟ್ಟ ಬ್ಯಾಟರಿಗೆ ಹಿಂದಿನಿಂದ ಯಾರಾದರೂ ಡಿಕ್ಕಿ ಹೊಡೆದರೆ? ಪದದ ಆಟವಲ್ಲ, ಬಹುತೇಕ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕೂ ಹಿಂದೆಯೇ ಇದೆ. ಅಂತರರಾಷ್ಟ್ರೀಯ ಮೋಟಾರು ಒಕ್ಕೂಟವಾದ ಎಫ್‌ಐಎ ಇದಕ್ಕೆಂದೇ ನಿಯಮ ಬರೆದಿಟ್ಟಿದೆ. ಜಾಗ ಬದಲಿಸಿದ ಬ್ಯಾಟರಿಗೆ ಲೋಹದ ಪೀಠ, ಮೇಲೆ ಎರಡು ಲೋಹದ ಪಟ್ಟಿ, ಕನಿಷ್ಠ 10 ಮಿ.ಮೀ. ಬೋಲ್ಟು. ಪ್ರತಿ ಬೋಲ್ಟಿನ ಅಡಿ 3 ಮಿ.ಮೀ. ದಪ್ಪದ, 20 ಚದರ ಸೆಂ.ಮೀ. ಅಗಲದ ತಗಡು. ಆಸಿಡ್ ಬ್ಯಾಟರಿಯಾದರೆ ಸೋರದ ಪೆಟ್ಟಿಗೆ ಬೇಕು. ಚಾರ್ಜ್ ಆಗುವಾಗ ಹುಟ್ಟುವ ಹೈಡ್ರೋಜನ್ ಹೊರಹೋಗಲು ದಾರಿಯೂ ಬೇಕು.

ಮೈಸೂರು ರಸ್ತೆಯ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ 2003ರಲ್ಲಿ ಹುಟ್ಟಿದ ಅಶ್ವ ರೇಸಿಂಗ್ ತಂಡದಂತೆ ಬುಡದಿಂದಲೇ ಕಾರು ಕಟ್ಟುವವರಿಗೆ ಈ ಸ್ಥಳಾಂತರದ ಪಾಡಿಲ್ಲ; ಬ್ಯಾಟರಿಯ ಜಾಗ ಮೊದಲೇ ಕಾಗದದ ಮೇಲೆ ತೀರ್ಮಾನವಾಗಿರುತ್ತದೆ. ಆದರೆ ಕರೆಂಟು ಕಡಿಯುವ ಸ್ವಿಚ್ಚಿನಿಂದ ಅವರಿಗೂ ಬಿಡುಗಡೆಯಿಲ್ಲ.

ಈ ಸ್ವಿಚ್ಚು ಬ್ಯಾಟರಿಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು. ಬೆಲ್ಟು ಕಟ್ಟಿ ಕೂತ ಚಾಲಕನಿಗೂ ಎಟುಕಬೇಕು, ಹೊರಗಿನಿಂದ ಓಡಿಬರುವ ಮಾರ್ಷಲ್‌ಗೂ ಸಿಗಬೇಕು. ಕತ್ತಲಲ್ಲಿ ಅವನು ಹುಡುಕುವುದು ಬಿಳಿ ಅಂಚಿನ ನೀಲಿ ತ್ರಿಕೋನ, ಅದರೊಳಗೊಂದು ಕೆಂಪು ಮಿಂಚು. ಬುಡ ಕನಿಷ್ಠ 12 ಸೆಂ.ಮೀ. ಇರಬೇಕೆಂಬುದು ನಿಯಮ.

ಅಗ್ಗದ ಎರಡು ತುದಿಯ ಸ್ವಿಚ್ಚು ಇಲ್ಲಿ ಕೈಕೊಡುತ್ತದೆ. ಬ್ಯಾಟರಿ ಕಡಿದರೂ ಓಡುತ್ತಿರುವ ಆಲ್ಟರ್ನೇಟರ್ ತಾನೇ ಇಗ್ನಿಷನ್‌ಗೆ ಕರೆಂಟು ಉಣಿಸುತ್ತದೆ, ಇಂಜಿನ್ ನಿಲ್ಲುವುದೇ ಇಲ್ಲ. ಮೇಲಾಗಿ ಒಮ್ಮೆಗೇ ಏರುವ ವೋಲ್ಟೇಜು ಇದ್ದಬದ್ದ ಎಲೆಕ್ಟ್ರಾನಿಕ್ಸನ್ನು ಸುಡಬಹುದು. ಅದಕ್ಕೇ ಆರು ತುದಿಗಳ ಸ್ವಿಚ್ಚು: ಒಂದು ಜೋಡಿ ಬ್ಯಾಟರಿಗೆ, ಒಂದು ಇಗ್ನಿಷನ್‌ಗೆ, ಮತ್ತೊಂದು ಆಲ್ಟರ್ನೇಟರಿನ ಉಳಿದ ಕರೆಂಟನ್ನು ರೆಸಿಸ್ಟರ್ ಮೂಲಕ ಇಂಗಿಸಲು.

ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ದಶಕಗಳಿಂದ ನಡೆಸಿಕೊಂಡು ಬಂದಿರುವ ಕೆ-1000ದಂಥ ರ‍್ಯಾಲಿಗೆ ಹೊರಡುವ ಮುನ್ನ ಇದನ್ನು ಗ್ಯಾರೇಜಿನಲ್ಲೇ ನೋಡಿಬಿಡಬಹುದು. ಇಂಜಿನ್ ಸ್ಟಾರ್ಟ್ ಮಾಡಿ, ಹೆಡ್‌ಲೈಟ್ ಹಾಕಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದು ಸ್ವಿಚ್ಚು ತಿರುಗಿಸಬೇಕು. ದೀಪ ಆರಿ ಇಂಜಿನ್ ಇನ್ನೂ ಗುರುಗುಟ್ಟುತ್ತಿದ್ದರೆ ವೈರಿಂಗ್ ಮತ್ತೆ ಬಿಚ್ಚಬೇಕು.