ಪಾಸಾದ ಕಾರು ಕೆಡದ ಕಾರಲ್ಲ: ಪೋರ್ಷೆ 911 ಮತ್ತು ಜರ್ಮನ್ ತಪಾಸಣೆಯ ಅಂಕಿಗಳು

ಪೋರ್ಷೆ 911 ಕೆಡದ ಕಾರು, ಜರ್ಮನಿಯ ಟ್ಯೂಫ್ ತಪಾಸಣೆಯೇ ಅದನ್ನು ಸಾಬೀತು ಮಾಡಿದೆ ಎಂಬ ಮಾತು ಕಾರುಪ್ರಿಯರ ನಡುವೆ ವರ್ಷಗಳಿಂದ ಚಾಲ್ತಿಯಲ್ಲಿದೆ. ಸೆಕೆಂಡ್ ಹ್ಯಾಂಡ್ ಕಾರು ಮಾರುವವರು ಇದನ್ನು ಹೇಳುತ್ತಾರೆ, ಕೊಳ್ಳುವವರು ನಂಬುತ್ತಾರೆ, ಪ್ರತಿ ವರ್ಷ ಆ ತಪಾಸಣೆಯ ವರದಿ ಬಂದಾಗ ಪತ್ರಿಕೆಗಳ ತಲೆಬರಹವೂ ಅದನ್ನೇ ಒದರುತ್ತದೆ. 911 ಚೆನ್ನಾಗಿ ಕಟ್ಟಿದ ಕಾರು ಎಂಬುದರಲ್ಲಿ ತಕರಾರಿಲ್ಲ. ತಕರಾರಿರುವುದು ಸಾಕ್ಷಿಯ ಬಗ್ಗೆ. ಟ್ಯೂಫ್ ತಪಾಸಣೆ ಕಾರು ಕೆಡುತ್ತದೆಯೋ ಇಲ್ಲವೋ ಎಂದು ನೋಡುವುದೇ ಇಲ್ಲ. ನೋಡದ ವಿಷಯಕ್ಕೆ ಅದನ್ನು ಸಾಕ್ಷಿಗೆ ಕರೆಯುವುದು ಎಷ್ಟು ಸಲ ತಿದ್ದಿದರೂ ನಿಲ್ಲದ ತಪ್ಪು.

ಜರ್ಮನಿಯಲ್ಲಿ ಹೊಸ ಕಾರು ರಸ್ತೆಗಿಳಿದು ಮೂರು ವರ್ಷಕ್ಕೆ ಮೊದಲ ಕಡ್ಡಾಯ ತಪಾಸಣೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ನಡೆಸುವ ಸಂಸ್ಥೆಗಳಲ್ಲಿ ಟ್ಯೂಫ್ ಹೆಸರಿನವು ಹಳೆಯವು. ಅವುಗಳ ಮೂಲ ಕಾರಿನದಲ್ಲ, ಉಗಿ ಬಾಯ್ಲರಿನದು: 1865ರಲ್ಲಿ ಮಾನ್‌ಹೈಮ್ ನಗರದ ಬಿಯರ್ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ಸಿಡಿದ ಮೇಲೆ, 1866ರಲ್ಲಿ ಅಲ್ಲಿನ ಉದ್ಯಮಿಗಳು ಬಾಯ್ಲರ್ ಪರೀಕ್ಷೆಗೆಂದು ಸಂಘ ಕಟ್ಟಿಕೊಂಡರು. ಬಾಯ್ಲರ್ ಎಷ್ಟು ವರ್ಷ ಬಾಳುತ್ತದೆ ಎಂಬುದು ಅವರ ಪ್ರಶ್ನೆಯಾಗಿರಲಿಲ್ಲ. ಅದು ಸಿಡಿದು ಪಕ್ಕದಲ್ಲಿದ್ದವರನ್ನು ಕೊಲ್ಲುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಇಂದಿನ ಕಾರು ತಪಾಸಣೆಯ ಪ್ರಶ್ನೆಯೂ ಅದೇ.

ಪರೀಕ್ಷಕ ಕಾರನ್ನು ಬ್ರೇಕ್ ಟೆಸ್ಟರಿನ ರೋಲರುಗಳ ಮೇಲೆ ನಿಲ್ಲಿಸಿ ಎಡ ಬಲ ಚಕ್ರಗಳ ಹಿಡಿತ ಸಮವಾಗಿದೆಯೇ ನೋಡುತ್ತಾನೆ. ಲಿಫ್ಟ್ ಮೇಲೆತ್ತಿ ಟಾರ್ಚ್ ಹಿಡಿದು ಸ್ಟಿಯರಿಂಗ್ ಜಾಯಿಂಟುಗಳ ಆಟ, ಸಸ್ಪೆನ್ಷನ್ನಿನ ಬುಷ್, ತಳದ ತುಕ್ಕು, ಬ್ರೇಕ್ ಪೈಪುಗಳನ್ನು ಪರಿಶೀಲಿಸುತ್ತಾನೆ. ಹೆಡ್‌ಲೈಟಿನ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆಯೇ, ಟೈರಿನ ಗ್ರಿಪ್ 1.6 ಮಿ.ಮೀ.ಗಿಂತ ಕೆಳಗೆ ಸವೆದಿದೆಯೇ, ಹೊಗೆ ಮಿತಿಯಲ್ಲಿದೆಯೇ ಎಂದು ನೋಡುತ್ತಾನೆ. ಬಿಚ್ಚಿ ನೋಡುವ ಕೆಲಸ ಅವನದಲ್ಲ. ಸಣ್ಣ ದೋಷಗಳಿದ್ದರೂ ನಂಬರ್ ಪ್ಲೇಟಿಗೆ ಬಣ್ಣದ ಸ್ಟಿಕರ್ ಸಿಗುತ್ತದೆ. ಗಂಭೀರ ದೋಷವಿದ್ದರೆ ಸಿಗುವುದಿಲ್ಲ, ಒಂದು ತಿಂಗಳೊಳಗೆ ಸರಿಪಡಿಸಿ ಮತ್ತೆ ತೋರಿಸಬೇಕು. ಅದಕ್ಕೂ ಮೇಲೆ ಅಪಾಯಕಾರಿ ದೋಷ, ಕೊನೆಗೆ ಕಾರು ರಸ್ತೆಗೇ ಇಳಿಯಬಾರದೆಂಬ ತೀರ್ಮಾನ.

ಇಂಥ ಲಕ್ಷಾಂತರ ತಪಾಸಣೆಗಳ ಫಲಿತಾಂಶವನ್ನು ಮಾದರಿವಾರು, ವಯಸ್ಸುವಾರು ಒಟ್ಟುಮಾಡಿದ್ದೇ ಟ್ಯೂಫ್ ವರದಿ. ಮೊದಲ ಯತ್ನದಲ್ಲೇ ಗಂಭೀರ ಅಥವಾ ಅದಕ್ಕಿಂತ ದೊಡ್ಡ ದೋಷ ಸಿಕ್ಕ ಕಾರುಗಳ ಶೇಕಡಾವಾರು ಎಷ್ಟು ಎಂಬುದರ ಮೇಲೆ ಸ್ಥಾನ ನಿಗದಿಯಾಗುತ್ತದೆ. 2019ರ ವರದಿಯಲ್ಲಿ ಎರಡು ಮೂರು ವರ್ಷದ ಕಾರುಗಳ ಪೈಕಿ 911 ಶೇ 2.5ರೊಂದಿಗೆ ಮೊದಲು ನಿಂತಿತು. ಹಳೆಯ ಕಾರುಗಳ ಗುಂಪಿನಲ್ಲೂ ಅದು ಹಲವು ವರ್ಷ ಅಗ್ರಸ್ಥಾನ ಪಡೆದಿದೆ. ಶೇ 2.5 ಎಂದರೆ ತಪಾಸಣೆಗೆ ಬಂದ ನೂರು 911ಗಳಲ್ಲಿ ಎರಡು ಮೂರು ಮಾತ್ರ ಆ ದಿನ ಸ್ಟಿಕರ್ ಇಲ್ಲದೆ ಹಿಂತಿರುಗಿದವು ಎಂದರ್ಥ. ಉಳಿದವು ಅದರ ಹಿಂದಿನ ತಿಂಗಳು ದಾರಿಯಲ್ಲಿ ಕೆಟ್ಟು ನಿಂತಿದ್ದವೇ, ಮುಂದಿನ ತಿಂಗಳು ನಿಲ್ಲುತ್ತವೆಯೇ ಎಂಬುದಕ್ಕೆ ಆ ಅಂಕಿಯಲ್ಲಿ ಉತ್ತರವಿಲ್ಲ.

ಇದು ಬರೀ ತರ್ಕದ ಮಾತಲ್ಲ. 911ರ ಇತಿಹಾಸದಲ್ಲೇ ಇದಕ್ಕೆ ಪುರಾವೆಯಿದೆ. 1990ರ ದಶಕದ ಕೊನೆಯಲ್ಲಿ ಬಂದ 996 ಪೀಳಿಗೆಯ ಎಂಜಿನ್ನಿನೊಳಗೆ ಒಂದು ನಡುವಿನ ಶಾಫ್ಟ್ ಇದೆ. ಕ್ರ್ಯಾಂಕ್‌ಶಾಫ್ಟಿನಿಂದ ತಿರುಗುವ ಬಲವನ್ನು ಪಡೆದು ಚೈನ್ ಮೂಲಕ ಕ್ಯಾಮ್‌ಶಾಫ್ಟುಗಳಿಗೆ ಕೊಡುವುದು ಅದರ ಕೆಲಸ. ಅದರ ಒಂದು ತುದಿ ಕೂತಿರುವುದು ಗ್ರೀಸ್ ತುಂಬಿ ಮುಚ್ಚಿದ ಬಾಲ್ ಬೇರಿಂಗಿನ ಮೇಲೆ. ಮುಚ್ಚಳದ ಸೀಲ್ ಸೋತಾಗ ಎಂಜಿನ್ ಆಯಿಲ್ ಒಳನುಗ್ಗಿ ಗ್ರೀಸನ್ನು ತೊಳೆದುಬಿಡುತ್ತದೆ, ಗುಂಡುಗಳು ಸವೆದು ಒಡೆಯುತ್ತವೆ, ಶಾಫ್ಟ್ ಅಲುಗಾಡಿ ಚೈನಿನ ಲೆಕ್ಕ ತಪ್ಪುತ್ತದೆ, ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಅಲ್ಲಿಗೆ ಇಡೀ ಎಂಜಿನ್ ಗುಜರಿ. ಬಹಳಷ್ಟು ಸಲ ಮುನ್ಸೂಚನೆಯೇ ಇರುವುದಿಲ್ಲ. ಆ ಬೇರಿಂಗನ್ನು ಕಣ್ಣಿಂದ ನೋಡಬೇಕೆಂದರೆ ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಮೂರನ್ನೂ ಇಳಿಸಬೇಕು. ಅಮೆರಿಕದಲ್ಲಿ ಈ ದೋಷ ಸಾಮೂಹಿಕ ಮೊಕದ್ದಮೆಯಾಗಿ, 2001ರ ಮೇಯಿಂದ 2005ರ ಫೆಬ್ರುವರಿವರೆಗೆ ತಯಾರಾದ 911 ಮತ್ತು ಬಾಕ್ಸ್‌ಸ್ಟರ್ ಕಾರುಗಳ ವಿಷಯದಲ್ಲಿ 2013ರಲ್ಲಿ ರಾಜಿಯಾಯಿತು. 2009ರ ಮಾದರಿಯ ಹೊಸ ಎಂಜಿನ್ನಿನಲ್ಲಿ ಕಂಪನಿ ಆ ಶಾಫ್ಟನ್ನೇ ಕೈಬಿಟ್ಟಿತು. ಬೇರಿಂಗ್ ಸಾಯುವ ಹಿಂದಿನ ದಿನ ಇಂಥ ಕಾರನ್ನು ತಪಾಸಣೆಗೆ ಒಯ್ದರೂ ಬ್ರೇಕು, ಲೈಟು, ಟೈರು ಸರಿಯಿದ್ದರೆ ಎರಡು ವರ್ಷದ ಸ್ಟಿಕರ್ ಸಿಗುತ್ತಿತ್ತು. ಪರೀಕ್ಷಕನದು ತಪ್ಪಲ್ಲ. ಎಂಜಿನ್ನಿನ ಒಳಗನ್ನು ಯಾರೂ ಅವನಿಗೆ ವಹಿಸಿಲ್ಲ.

2014ರ ಪ್ರಕರಣ ಇನ್ನೂ ನೇರ. ಹೊಚ್ಚಹೊಸ 911 ಜಿಟಿ3 ಕಾರುಗಳ ಎಂಜಿನ್ನಿಗೆ ಬೆಂಕಿ ಹೊತ್ತಿದ ಘಟನೆಗಳ ನಂತರ ಪೋರ್ಷೆ ಆ ಮಾದರಿ ವರ್ಷದ ಎಲ್ಲ 785 ಕಾರುಗಳನ್ನೂ ಓಡಿಸಬೇಡಿ ಎಂದು ಮಾಲೀಕರಿಗೆ ತಿಳಿಸಿ, ಒಂದೊಂದರ ಎಂಜಿನ್ನನ್ನೂ ಬದಲಿಸಿತು. ಕನೆಕ್ಟಿಂಗ್ ರಾಡಿನ ಬೋಲ್ಟ್ ಸಡಿಲವಾಗಿದ್ದದ್ದು ಕಾರಣ. ಮೊದಲ ತಪಾಸಣೆಗೆ ಅವಕ್ಕಿನ್ನೂ ಸುಮಾರು ಮೂರು ವರ್ಷ ಬಾಕಿಯಿತ್ತು. ಇಡೀ ಮಾದರಿ ವರ್ಷದ ಎಂಜಿನ್ ಬದಲಾದದ್ದು ತಪಾಸಣೆಯ ಲೆಕ್ಕದಲ್ಲಿ ಒಂದು ಅಂಶದಷ್ಟೂ ಮೂಡುವಂತಿರಲಿಲ್ಲ.

ಇಲ್ಲಿ ಬಹುತೇಕರು ಗಮನಿಸದ ಸಂಗತಿಯೊಂದಿದೆ. ಎಂಜಿನ್ ಸತ್ತ ಕಾರು ತಪಾಸಣೆಗೆ ಬರುವುದೇ ಇಲ್ಲ. ಅದು ವರ್ಕ್‌ಶಾಪಿನ ಮೂಲೆಯಲ್ಲಿರುತ್ತದೆ, ಇಲ್ಲವೇ ಬಿಡಿಭಾಗಗಳಾಗಿ ಮಾರಾಟವಾಗಿರುತ್ತದೆ. ಬಂದರೂ ಹೊಸ ಎಂಜಿನ್ ಹಾಕಿಸಿಕೊಂಡೇ ಬರುತ್ತದೆ, ಆಗ ಅದು ದೋಷವಿಲ್ಲದ ಕಾರಿನ ಲೆಕ್ಕಕ್ಕೆ ಸೇರುತ್ತದೆ. ತಪಾಸಣೆಯ ಅಂಕಿ ಚಾಲನೆಯಲ್ಲಿರುವ ಕಾರುಗಳದಷ್ಟೇ.

ಬರುವ ಕಾರುಗಳಾದರೂ ಯಾವ ಸ್ಥಿತಿಯಲ್ಲಿ ಬರುತ್ತವೆ? ವರದಿಯೇ ಪ್ರತಿ ಮಾದರಿಯ ಎದುರು ಸರಾಸರಿ ಓಡಿದ ಕಿಲೋಮೀಟರನ್ನು ಮುದ್ರಿಸುತ್ತದೆ. ಕಂಪನಿ ಕೆಲಸಕ್ಕೆ ದಿನವಿಡೀ ಹೆದ್ದಾರಿಯಲ್ಲಿ ಓಡುವ ಫೋಕ್ಸ್‌ವ್ಯಾಗನ್ ಪಸಾಟಿನ ಅರ್ಧದಷ್ಟು ದೂರವನ್ನೂ ಅದೇ ವಯಸ್ಸಿನ 911 ಸಾಮಾನ್ಯವಾಗಿ ಓಡಿರುವುದಿಲ್ಲ. ಅನೇಕ ಮಾಲೀಕರಿಗೆ ಅದು ಎರಡನೆಯ ಅಥವಾ ಮೂರನೆಯ ಕಾರು. ಬಿಸಿಲಿದ್ದ ಭಾನುವಾರ ಹೊರಬರುತ್ತದೆ, ಉಳಿದ ದಿನ ಬೆಚ್ಚಗಿನ ಗ್ಯಾರೇಜಿನಲ್ಲಿರುತ್ತದೆ. 1997ರಿಂದ ಜರ್ಮನಿಯಲ್ಲಿ ಋತುಮಾನದ ನಂಬರ್ ಪ್ಲೇಟ್ ಎಂಬ ವ್ಯವಸ್ಥೆಯಿದೆ. ಪ್ಲೇಟಿನ ಬಲತುದಿಯಲ್ಲಿ ಒಂದರ ಕೆಳಗೊಂದು 04, 10 ಎಂದು ಬರೆದಿದ್ದರೆ ಏಪ್ರಿಲಿನಿಂದ ಅಕ್ಟೋಬರ್‌ವರೆಗೆ ಮಾತ್ರ ಅದು ರಸ್ತೆಯ ಕಾರು, ತೆರಿಗೆಯೂ ವಿಮೆಯೂ ಅಷ್ಟೇ ತಿಂಗಳಿಗೆ. ಇಂಥ ಕಾರಿಗೆ ಚಳಿಗಾಲದ ರಸ್ತೆಗೆ ಸುರಿಯುವ ಉಪ್ಪು ಸೋಕುವುದೇ ಇಲ್ಲ. ತುಕ್ಕು ಹಿಡಿದ ಬ್ರೇಕ್ ಪೈಪು, ತಿಂದುಹೋದ ಸ್ಪ್ರಿಂಗು ಬೇರೆ ಕಾರುಗಳನ್ನು ಫೇಲ್ ಮಾಡುವುದೇ ಆ ಉಪ್ಪಿನಿಂದ.

ಜೊತೆಗೆ ಹಣ. ಟ್ಯೂಫ್ ಪರೀಕ್ಷಕರು ದೊಡ್ಡ ವರ್ಕ್‌ಶಾಪುಗಳಿಗೇ ಬಂದು ತಪಾಸಣೆ ಮಾಡುವ ಪದ್ಧತಿ ಅಲ್ಲಿ ಮಾಮೂಲು. 911 ಮಾಲೀಕ ಕಾರನ್ನು ಪೋರ್ಷೆ ಕೇಂದ್ರದಲ್ಲಿ ಸರ್ವಿಸಿಗೆ ಬಿಡುತ್ತಾನೆ, ಮೆಕ್ಯಾನಿಕ್ ಸವೆದ ಡಿಸ್ಕು, ಒಣಗಿದ ಬುಷ್, ಬೆಳಗದ ಲೈಟು ಎಲ್ಲವನ್ನೂ ಮೊದಲೇ ಬದಲಿಸುತ್ತಾನೆ, ಆಮೇಲೆ ಪರೀಕ್ಷಕ ಬರುತ್ತಾನೆ. ಹಲವು ವರ್ಷ ಪಟ್ಟಿಯ ತಳದಲ್ಲಿದ್ದ ಡಾಚಿಯಾ ಲೋಗನ್ ಕಾರಿನ ಮಾಲೀಕ ದುಡ್ಡು ಉಳಿಸಲೆಂದೇ ಆ ಕಾರು ಕೊಂಡವನು. ಅವನು ನೇರ ತಪಾಸಣೆಗೆ ಹೋಗಿ, ಏನೇನು ಕೆಟ್ಟಿದೆ ಎಂದು ಪರೀಕ್ಷಕನಿಂದಲೇ ತಿಳಿದುಕೊಂಡು, ಅಷ್ಟನ್ನು ಮಾತ್ರ ರಿಪೇರಿ ಮಾಡಿಸುತ್ತಾನೆ. ಎರಡು ಕಾರುಗಳ ಅಂತರದಲ್ಲಿ ತಯಾರಿಕೆಯ ಪಾಲು ಎಷ್ಟು, ಆರೈಕೆಯ ಪಾಲು ಎಷ್ಟು ಎಂದು ಆ ಶೇಕಡಾವಾರಿನಿಂದ ಬಿಡಿಸಿ ತೆಗೆಯಲಾಗದು.

ತಯಾರಿಕೆಗೆ ಸಲ್ಲಬೇಕಾದ ಶ್ರೇಯ ಇಲ್ಲವೆಂದಲ್ಲ. 1970ರ ದಶಕದ ಮಧ್ಯದಿಂದ 911ರ ಬಾಡಿಗೆ ಸತುವಿನ ಲೇಪನವಿರುವ ಉಕ್ಕು ಬಳಸಲಾಗುತ್ತಿದೆ, ಆದ್ದರಿಂದ ತುಕ್ಕಿನ ಕಾಟ ಕಡಿಮೆ. ರೇಸ್ ಟ್ರ್ಯಾಕಿನ ಶಾಖ ತಡೆಯಲೆಂದು ಕೊಟ್ಟ ಬ್ರೇಕು ಭಾನುವಾರದ ಓಡಾಟಕ್ಕೆ ಸವೆಯುವುದು ಅಪರೂಪ. ವರದಿಗಳಲ್ಲಿ ಹಳೆಯ 911 ಮೇಲೆ ಬರುವ ಮುಖ್ಯ ದೂರು ಎಣ್ಣೆ ಸೋರಿಕೆ. ಕಾರಿನ ಕೆಳಗೆ ನಿಂತ ಪರೀಕ್ಷಕನಿಗೆ ಎಂಜಿನ್ನಿನ ಆರೋಗ್ಯದ ಬಗ್ಗೆ ಕಾಣುವುದು ಹೆಚ್ಚುಕಡಿಮೆ ಅಷ್ಟೇ, ಅಲ್ಲಿ 911 ಬೇರೆಯವಕ್ಕಿಂತ ಮೇಲೇನೂ ಅಲ್ಲ.

ಇದೇ ಅಂಕಿಗಳಿಂದ ಹುಟ್ಟಿದ ಬೇರೆ ಕಲ್ಪನೆಗಳೂ ಇವೆ. ಸ್ಟಿಕರ್ ಇದ್ದರೆ ಎರಡು ವರ್ಷ ಕಾರು ಸುರಕ್ಷಿತ ಎಂಬುದು ತಪ್ಪು. ಅದು ತಪಾಸಣೆಯ ದಿನದ ಸ್ಥಿತಿಗೆ ಮಾತ್ರ ಸಾಕ್ಷಿ. 2024ರ ವರದಿಯಲ್ಲಿ ಟೆಸ್ಲಾ ಮಾಡೆಲ್ 3 ಶೇ 14.7ರೊಂದಿಗೆ ಎರಡು ಮೂರು ವರ್ಷದ ಕಾರುಗಳಲ್ಲಿ ಕೊನೆಯಾದಾಗ ಎಲೆಕ್ಟ್ರಿಕ್ ಕಾರುಗಳೇ ಕಳಪೆ ಎಂದು ಕೂಗೆದ್ದಿತು. ಅದೇ ವರದಿಯಲ್ಲಿ ಎಲೆಕ್ಟ್ರಿಕ್ ಇ-ಗಾಲ್ಫ್ ಮೇಲಿನ ಸಾಲಿನಲ್ಲಿತ್ತು. ಟೆಸ್ಲಾದ ಲೈಟು, ಬ್ರೇಕು, ಆಕ್ಸಲ್ ದೋಷಗಳು ನಿಜವೇ, ಆದರೆ ಆ ಕಂಪನಿ ನಿಗದಿತ ವಾರ್ಷಿಕ ಸರ್ವಿಸ್ ಕೇಳದ್ದರಿಂದ ಅವು ಪರೀಕ್ಷಕನ ಕಣ್ಣಿಗೇ ಮೊದಲು ಬೀಳುತ್ತವೆ. ಸ್ಪೋರ್ಟ್ಸ್ ಕಾರು ಎಂದರೆ ಸದಾ ರಿಪೇರಿಯಲ್ಲಿ ಎಂಬ ಹಳೆಯ ನಂಬಿಕೆಯೂ ಇಷ್ಟೇ ಆಧಾರಹೀನ.

ಬ್ರಿಟನ್ನಿನಲ್ಲಿ 1960ರಲ್ಲಿ ಶುರುವಾದ ಎಂಒಟಿ ತಪಾಸಣೆಯ ವಿಷಯದಲ್ಲಿ ಅಲ್ಲಿನ ಸರ್ಕಾರವೇ ಈ ಪರೀಕ್ಷೆ ಎಂಜಿನ್, ಕ್ಲಚ್, ಗೇರ್‌ಬಾಕ್ಸುಗಳ ಸ್ಥಿತಿಯನ್ನು ನೋಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಹೇಳಿದರೂ ಕೇಳುವವರಿಲ್ಲ. ಜನರಿಗೆ ಬೇಕಾದದ್ದು ಒಂದು ಪಟ್ಟಿ, ಅದರಲ್ಲಿ ಒಂದು ಮೊದಲ ಸ್ಥಾನ. ಕಿಲೋಮೀಟರಿನ ಕಾಲಂ ಪಕ್ಕದಲ್ಲೇ ಅಚ್ಚಾಗಿದ್ದರೂ ತಲೆಬರಹ ಬರೆಯುವವರು ಅದನ್ನು ಬಿಟ್ಟುಬಿಡುತ್ತಾರೆ, ಹಂಚಿಕೊಳ್ಳುವವರು ವರದಿಯನ್ನೇ ತೆರೆಯುವುದಿಲ್ಲ. ಆಸ್ಪತ್ರೆಗಳ ಪಟ್ಟಿ, ಕಾಲೇಜುಗಳ ಪಟ್ಟಿ, ಕಾರುಗಳ ಪಟ್ಟಿ, ಎಲ್ಲದರಲ್ಲೂ ಇದೇ ರೋಗ: ಏನನ್ನು ಅಳೆದರು, ಯಾರನ್ನು ಅಳೆದರು ಎಂದು ಕೇಳುವ ಮೊದಲೇ ತೀರ್ಪು. ಲಕ್ಷಗಟ್ಟಲೆ, ಕೋಟಿಗಟ್ಟಲೆ ರೂಪಾಯಿ ಕೈಬಿಟ್ಟುಹೋಗುವ ವ್ಯವಹಾರದಲ್ಲೂ ಆ ಒಂದು ಪ್ರಶ್ನೆ ಕೇಳದಿರುವುದು ಬೇಸರದ ಸಂಗತಿ.

ಭಾರತಕ್ಕೆ ಈ ಅಂಕಿಗಳನ್ನು ತರುವಾಗ ಇನ್ನಷ್ಟು ಎಚ್ಚರ ಬೇಕು. ಇಲ್ಲಿ ಹಳದಿ ಬೋರ್ಡಿನ ವಾಹನಗಳಿಗೆ ನಿಯಮಿತವಾಗಿ ಎಫ್‌ಸಿ ಆಗಬೇಕು, ಆದರೆ ಬಿಳಿ ಬೋರ್ಡಿನ ಸ್ವಂತ ಕಾರಿಗೆ ಹದಿನೈದು ವರ್ಷ ತುಂಬಿ ನೋಂದಣಿ ನವೀಕರಿಸುವ ತನಕ ಹೊಗೆ ತಪಾಸಣೆ ಬಿಟ್ಟರೆ ಬೇರೆ ಕಡ್ಡಾಯ ಪರೀಕ್ಷೆಯಿಲ್ಲ. ಬೆಂಗಳೂರಿನಲ್ಲಿ ಕೈಬದಲಾಗುವ ಹತ್ತು ವರ್ಷದ 911ರ ತಳವನ್ನು ಸರ್ಕಾರದ ಪರವಾಗಿ ಯಾರೂ ನೋಡಿರುವುದಿಲ್ಲ. ಕಡಿಮೆ ಓಡಿದೆ ಎಂಬುದನ್ನು ಇಲ್ಲಿ ದೊಡ್ಡ ಗುಣವೆಂದು ಹೇಳಲಾಗುತ್ತದೆ. ನಿಂತೇ ಇದ್ದ ಕಾರಿನಲ್ಲಿ ಬ್ಯಾಟರಿ ಸಾಯುತ್ತದೆ, ರಬ್ಬರ್ ಸೀಲುಗಳು ಒಣಗುತ್ತವೆ, ಬ್ರೇಕ್ ಡಿಸ್ಕಿಗೆ ತುಕ್ಕು ಕೂರುತ್ತದೆ. ಟೈರಿನ ಗ್ರಿಪ್ ಹೊಸದರಂತಿದ್ದರೂ ರಬ್ಬರ್ ಕಲ್ಲಾಗಿರಬಹುದು. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ 2315 ಎಂದಿದ್ದರೆ ಅದು 2015ರ 23ನೇ ವಾರದ ಟೈರು.

ವಿಶ್ವಾಸಾರ್ಹತೆಯನ್ನು ಅಳೆಯುವ ದಾರಿಗಳು ಬೇರೆಯೇ ಇವೆ. ಜರ್ಮನಿಯ ವಾಹನ ಮಾಲೀಕರ ಸಂಘ ಎಡಿಎಸಿ ದಾರಿಯಲ್ಲಿ ಕೆಟ್ಟು ನಿಂತು ನೆರವು ಕೇಳಿದ ಕಾರುಗಳ ಲೆಕ್ಕವನ್ನು 1978ರಿಂದ ಪ್ರಕಟಿಸುತ್ತಿದೆ. ಅದರಲ್ಲಿ ಅತಿ ಸಾಮಾನ್ಯ ಕಾರಣ 12 ವೋಲ್ಟಿನ ಬ್ಯಾಟರಿ, ಟ್ಯೂಫ್ ತಪಾಸಣೆಯಲ್ಲಿ ಅದಕ್ಕೆ ಅಂಕವೇ ಇಲ್ಲ. ಅಮೆರಿಕದ ಜೆ.ಡಿ. ಪವರ್ ಸಂಸ್ಥೆ ಮೂರು ವರ್ಷದ ಕಾರುಗಳ ಮಾಲೀಕರನ್ನೇ ಕೇಳಿ, ನೂರು ಕಾರಿಗೆ ಎಷ್ಟು ತೊಂದರೆ ಎಂದು ಎಣಿಸುತ್ತದೆ. 2021 ಮತ್ತು 2022ರ ಆ ಸಮೀಕ್ಷೆಗಳಲ್ಲಿ ಎಲ್ಲ ಮಾದರಿಗಳಿಗಿಂತ ಮೇಲೆ ನಿಂತದ್ದು 911. ಅದನ್ನು ಹೊಗಳಬೇಕೆನ್ನುವವರು ಹಿಡಿಯಬೇಕಾದ ಸಾಕ್ಷಿ ಇದು, ಆದರೆ ಅದು ಮೂರು ವರ್ಷದ ಕಾರಿನ ಮಾತು.

ಹಳೆಯ 911 ಒಂದನ್ನು ಕೊಳ್ಳುವವರಿಗೆ ಯಾವ ಪಟ್ಟಿಗಿಂತಲೂ ಆ ಒಂದು ಕಾರಿನ ದಾಖಲೆ ಮುಖ್ಯ. ಸರ್ವಿಸ್ ಬಿಲ್ಲುಗಳು ವರ್ಷ ಬಿಡದೆ ಇರಬೇಕು. ಪೋರ್ಷೆ ಬಲ್ಲ ಮೆಕ್ಯಾನಿಕ್ ಪ್ಲಗ್ ರಂಧ್ರದಿಂದ ಸಣ್ಣ ಕ್ಯಾಮೆರಾ ಇಳಿಸಿ ಸಿಲಿಂಡರ್ ಗೋಡೆಯಲ್ಲಿ ಗೀರುಗಳಿವೆಯೇ ನೋಡಬೇಕು, ಪ್ರತಿ ಸಿಲಿಂಡರಿನ ಗಾಳಿ ಸೋರಿಕೆ ಪರೀಕ್ಷಿಸಬೇಕು. ಎಂಜಿನ್ ಕಂಟ್ರೋಲ್ ಯೂನಿಟ್ಟಿಗೆ ಲ್ಯಾಪ್‌ಟಾಪ್ ಜೋಡಿಸಿದರೆ ಹಿಂದಿನ ಮಾಲೀಕರು ಎಂಜಿನ್ನನ್ನು ಮಿತಿ ಮೀರಿ ಎಷ್ಟು ಸಲ ತಿರುಗಿಸಿದ್ದಾರೆ, ಕೊನೆಯ ಸಲ ಹಾಗಾದದ್ದು ಎಂಜಿನ್ ಎಷ್ಟು ಗಂಟೆ ಓಡಿದ್ದಾಗ ಎಂಬುದೂ ತೆರೆಯ ಮೇಲೆ ಬರುತ್ತದೆ.